ಸಂಘದ ಸಮ್ಮೇಳನಕ್ಕೆ ಪ್ರಾಯೋಜಕರು, ಜಾಹೀರಾತು, ಸ್ಟಾಲು: ಯಾವುದನ್ನು ಮೊದಲು ಮಾರಬೇಕು, ಹೇಗೆ ಮಾರಬೇಕು

ಸಮ್ಮೇಳನಕ್ಕೆ ಇನ್ನು ಮೂರೇ ವಾರ ಅನ್ನುವಾಗ ನಾಲ್ಕು ಜನ ರಶೀದಿ ಪುಸ್ತಕ ಹಿಡಿದು ಬೈಕ್ ಹತ್ತುತ್ತಾರೆ. ಅಂಗಡಿಗೆ ಹೋಗಿ, ಚಹಾ ಕುಡಿದು, "ಏನಾದ್ರೂ ಸಹಾಯ ಮಾಡಿ ಮಾರಾಯ್ರೇ" ಅನ್ನುತ್ತಾರೆ. ಐನೂರೋ ಸಾವಿರವೋ ಸಿಗುತ್ತದೆ. ಸಂಜೆ ಲೆಕ್ಕ ಹಾಕಿದರೆ ಪೆಟ್ರೋಲು ಕಳೆದು ಉಳಿದದ್ದು ಊಟದ ಎಲೆಗೂ ಸಾಲುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಕಾರವಾರ, ಎಲ್ಲ ಕಡೆ ಸಂಘಗಳು ಇದೇ ಗುಂಡಿಗೆ ಬೀಳುವುದನ್ನು ನೋಡಿದ್ದೇನೆ. ನಾವೂ ಬಿದ್ದವರೇ.

ಚಂದಾ ಕೇಳಿದರೆ ಚಂದಾದಷ್ಟೇ ಸಿಗುತ್ತದೆ. ಗಣೇಶ ಚೌತಿಗೆ ಒಂದು ರಶೀದಿ, ಶಾಲೆ ವಾರ್ಷಿಕೋತ್ಸವಕ್ಕೆ ಒಂದು, ಯಕ್ಷಗಾನಕ್ಕೆ ಒಂದು, ಅದರ ಜೊತೆ ನಿಮ್ಮದೂ ಒಂದು. ಆದರೆ ನಿಮ್ಮ ಹತ್ತಿರ ಮಾರಲಿಕ್ಕೆ ಒಂದು ವಸ್ತು ಇದೆ. ಯಾವ ಸಾಮಾನು ಕೊಳ್ಳಬೇಕು ಎಂದು ಜನರಿಗೆ ಹೇಳುವ ನೂರೈವತ್ತು ಮಂದಿ ಎರಡು ದಿನ ಒಂದೇ ಸೂರಿನಡಿ ಇರುತ್ತಾರೆ, ಅಲ್ವಾ? ಅದನ್ನು ಮಾರಬೇಕು.

ನಾನು ಸಿವಿಲ್ ಇಂಜಿನಿಯರುಗಳ ಸಂಘವನ್ನೇ ಉದಾಹರಣೆಗೆ ಹಿಡಿಯುತ್ತೇನೆ, ನನಗೆ ಗೊತ್ತಿರುವುದು ಅದು. ನೀವು ಫೋಟೋಗ್ರಾಫರುಗಳೋ ದಂತವೈದ್ಯರೋ ಆಗಿದ್ದರೆ ಸಿಮೆಂಟ್ ಅಂದ ಕಡೆ ನಿಮ್ಮ ಸಾಮಾನಿನ ಹೆಸರು ಹಾಕಿಕೊಳ್ಳಿ.

ಹಂತ 1: ದಿನಾಂಕ ಗಟ್ಟಿ ಮಾಡಿ

ಕನಿಷ್ಠ ಐದು ತಿಂಗಳು ಮುಂಚೆ. ಹಾಲ್ ಬುಕ್ ಆಗಿ ಮುಂಗಡ ಕೊಟ್ಟ ರಶೀದಿ ಕೈಯಲ್ಲಿ ಇರಬೇಕು. "ನವೆಂಬರ್‌ನಲ್ಲಿ ಯಾವಾಗಲಾದರೂ" ಎಂದರೆ ಯಾವ ಕಂಪನಿಯೂ ಫೈಲ್ ತೆರೆಯುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ಮಳೆಯಲ್ಲಿ ಜನ ಬರುವುದಿಲ್ಲ ಅನ್ನುವುದಕ್ಕಿಂತ ಜಾಸ್ತಿ, ಸ್ಟಾಲಿನ ಸಾಮಾನು ಬರುವುದು ಕಷ್ಟ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಘಟ್ಟದ ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ಟೈಲ್ಸ್ ಮಾದರಿ ಹೊತ್ತ ಗಾಡಿ ಬರಬೇಕಾದ ಕಾರ್ಯಕ್ರಮವನ್ನು ಆ ಕಾಲದಲ್ಲಿ ಇಡಬಾರದು. ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯದು. ಮಳೆ ನಿಂತು ಮನೆ ಕಟ್ಟುವ ಕೆಲಸ ಶುರುವಾಗುವ ಹೊತ್ತು. ಸಿಮೆಂಟ್, ಕಬ್ಬಿಣ, ಪೇಂಟ್ ಮಾರುವವರಿಗೂ ಆಗಲೇ ನಿಮ್ಮ ಸದಸ್ಯರ ಮುಖ ನೋಡಬೇಕಾಗಿರುತ್ತದೆ.

ಶಿರಸಿಯವರಿಗೆ ಇನ್ನೊಂದು ಮಾತು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹತ್ತಿರ ಕಾರ್ಯಕ್ರಮ ಇಡಬೇಡಿ. ಪೇಟೆಯವರ ಕಿಸೆಯೂ ಖಾಲಿ, ಗಮನವೂ ಬೇರೆ ಕಡೆ. ಲಾಡ್ಜೂ ಸಿಗುವುದಿಲ್ಲ.

ಹಂತ 2: ಸದಸ್ಯರ ಒಂದು ಪುಟದ ಚಿತ್ರ

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಪ್ರಾಯೋಜಕ ಕೇಳುವ ಮೊದಲ ಪ್ರಶ್ನೆ "ಎಷ್ಟು ಜನ ಬರ್ತಾರೆ?" ಎರಡನೆಯದು "ಯಾರು ಬರ್ತಾರೆ?" ಎರಡನೆಯದಕ್ಕೆ ನಿಮ್ಮಲ್ಲಿ ಉತ್ತರ ಇಲ್ಲದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಸದಸ್ಯರಿಗೆಲ್ಲ ಗೂಗಲ್ ಫಾರ್ಮ್ ಕಳಿಸಿ, ಐದೇ ಪ್ರಶ್ನೆ. ಯಾವ ತಾಲೂಕು, ಎಷ್ಟು ವರ್ಷದ ವೃತ್ತಿ, ಕಳೆದ ವರ್ಷ ಎಷ್ಟು ಮನೆಗೆ ನಕ್ಷೆ ಮಾಡಿದಿರಿ, ಸಾಮಾನಿನ ಬ್ರ್ಯಾಂಡ್ ನೀವು ಸೂಚಿಸುತ್ತೀರೋ ಮಾಲೀಕರೇ ಆರಿಸುತ್ತಾರೋ, ಈ ವರ್ಷ ಯಾವ ಹೊಸ ಸಾಮಾನಿನ ಬಗ್ಗೆ ತಿಳಿಯಬೇಕು. ಬಂದ ಉತ್ತರಗಳ ಲೆಕ್ಕವನ್ನು ಒಂದು ಪುಟದಲ್ಲಿ ಬರೆದಿಡಿ, ಸದಸ್ಯರ ಚಿತ್ರ ಅಂದದ್ದು ಅದಕ್ಕೇ. ಫಾರ್ಮ್ ತುಂಬದವರಿಗೆ ಫೋನ್ ಮಾಡಿ. ಹೌದು, ಬೇಜಾರಿನ ಕೆಲಸ. ಆದರೆ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆಯಲ್ಲಿ "ನಮ್ಮ ಸದಸ್ಯರಲ್ಲಿ ಇಷ್ಟು ಜನ ತಾರಸಿ ಸೋರುವುದಕ್ಕೆ ಪರಿಹಾರ ಹುಡುಕುತ್ತಿದ್ದಾರೆ" ಎಂದು ಲೆಕ್ಕ ಸಮೇತ ಹೇಳಿದರೆ ವಾಟರ್‌ಪ್ರೂಫಿಂಗ್ ಕಂಪನಿಯವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವ ಮಾತೂ ಹಾಗೆಯೇ.

ಸುಳ್ಳು ಸಂಖ್ಯೆ ಬೇಡ. 90 ಜನ ಬರುವಲ್ಲಿ 300 ಎಂದು ಬರೆದರೆ ಮಾರನೇ ವರ್ಷ ಅವರ ಬಾಗಿಲು ನಿಮಗೆ ಮುಚ್ಚಿರುತ್ತದೆ.

ಹಂತ 3: ಸಮ್ಮೇಳನದ ಹಾಲ್‌ನ ನಕ್ಷೆ

ಟೇಪ್ ಹಿಡಿದು ಹೋಗಿ ಅಳೆಯಿರಿ. ಮಾಲೀಕರು ಬಾಯಲ್ಲಿ ಹೇಳಿದ ಅಳತೆಯನ್ನು ನಂಬಬೇಡಿ. ಇಂಜಿನಿಯರುಗಳ ಸಂಘವೇ ಈ ತಪ್ಪು ಮಾಡಿದ್ದಿದೆ, ನಗಬೇಡಿ.

40 ಅಡಿ ಅಗಲ, 80 ಅಡಿ ಉದ್ದದ ಕಲ್ಯಾಣ ಮಂಟಪ ಅಂದುಕೊಳ್ಳಿ. ಎರಡೂ ಉದ್ದದ ಗೋಡೆಗೆ 10 ಅಡಿಗೆ 10 ಅಡಿಯ ಸ್ಟಾಲು ಹಾಕಿದರೆ ಬದಿಗೆ ಎಂಟು, ಒಟ್ಟು 16. ಪಕ್ಕದ ಬಾಗಿಲುಗಳಿಗೆ ಎರಡು ಜಾಗ ಬಿಟ್ಟರೆ 14. ನಡುವೆ 20 ಅಡಿ ಓಡಾಟಕ್ಕೆ. ಆ 20 ಅಡಿ ನೋಡಿ ಆಸೆಯಾಗಿ ಮಧ್ಯದಲ್ಲೂ ಒಂದು ಸಾಲು ಹಾಕುವವರಿದ್ದಾರೆ. ಆಮೇಲೆ ಒಬ್ಬರು ಸ್ಟಾಲಿನ ಮುಂದೆ ನಿಂತರೆ ಹಿಂದಿನವರು ದಾಟಲು ಆಗುವುದಿಲ್ಲ, ಯಾರೂ ನಿಲ್ಲುವುದೇ ಇಲ್ಲ.

ನಕ್ಷೆಯಲ್ಲಿ ಇಷ್ಟು ಇರಲೇಬೇಕು: ಪ್ರತಿ ಸ್ಟಾಲಿಗೆ ನಂಬರು, ಬಾಗಿಲು, ಕಂಬ, ಪ್ಲಗ್ ಪಾಯಿಂಟ್, ಚಹಾದ ಜಾಗ. ಚಹಾದ ಜಾಗ ಹಾಲಿನ ಕೊನೆಯ ತುದಿಯಲ್ಲಿ, ಅಂದರೆ ಎಲ್ಲ ಸ್ಟಾಲು ದಾಟಿಯೇ ಹೋಗಬೇಕು. ಒಂದು ವರ್ಷ ನಾವು ಚಹಾವನ್ನು ಭಾಷಣದ ಹಾಲಿನ ಹೊರಗೆ ಇಟ್ಟು, ಸ್ಟಾಲುಗಳನ್ನು ಊಟದ ಹಾಲಿನ ಹಿಂದೆ ಹಾಕಿದ್ದೆವು. ದುಡ್ಡು ಕೊಟ್ಟವರು ಎರಡು ದಿನ ನೊಣ ಹೊಡೆಯುತ್ತ ಕೂತರು. ಪೈಪ್ ಕಂಪನಿಯ ಹುಡುಗನೊಬ್ಬ ಕೊನೆಗೆ ಪಕ್ಕದ ಸ್ಟಾಲಿನವರಿಗೇ ತನ್ನ ಕರಪತ್ರ ಕೊಟ್ಟ. ಆ ವರ್ಷ ಬಂದವರಲ್ಲಿ ಅರ್ಧದಷ್ಟು ಜನ ತಿರುಗಿ ಬರಲಿಲ್ಲ, ತಪ್ಪು ಪೂರ್ತಿ ನಮ್ಮದೇ.

ಹಂತ 4: ಏನೇನು ಮಾರುತ್ತೀರಿ, ಎಷ್ಟಕ್ಕೆ

ಎಲ್ಲಕ್ಕಿಂತ ಜಾಸ್ತಿ ಸಂಘಗಳು ಎಡವುವುದು ಇಲ್ಲಿ. ಅದಕ್ಕೆ ಲೆಕ್ಕ ಪೂರ್ತಿ ಬಿಡಿಸಿಡುತ್ತೇನೆ. ಸಂಖ್ಯೆಗಳು ಬರೀ ಉದಾಹರಣೆ, ನಿಮ್ಮ ಊರಿನ ದರ ಹಾಕಿಕೊಳ್ಳಿ.

ಒಟ್ಟು ಖರ್ಚು 4,20,000. ನೋಂದಣಿ 150 ಜನರಿಂದ ತಲಾ 800, ಅಂದರೆ 1,20,000. ಕೊರತೆ 3,00,000.

ಈಗ ಸರಕು. ಮುಖ್ಯ ಪ್ರಾಯೋಜಕರು ಒಬ್ಬರು, 1,00,000. ಸಹ ಪ್ರಾಯೋಜಕರು ಇಬ್ಬರು, ತಲಾ 50,000. ಬಾಗಿಲ ಹತ್ತಿರದ ಮೂಲೆ ಸ್ಟಾಲು 2, ತಲಾ 18,000. ಉಳಿದ 12 ಸ್ಟಾಲು ತಲಾ 12,000. ಸ್ಮರಣ ಸಂಚಿಕೆಯ (ಜಾಹೀರಾತು ಹಾಕಿ ಸಮ್ಮೇಳನಕ್ಕೆ ತರುವ ಪುಸ್ತಕ) ಹಿಂಬದಿ ರಕ್ಷಾಪುಟ, ಅಂದರೆ ಹೊರ ಹೊದಿಕೆ, 15,000, ಒಳ ರಕ್ಷಾಪುಟ ಎರಡು ತಲಾ 10,000, ಪೂರ್ಣ ಪುಟ ಹತ್ತು ತಲಾ 5,000, ಅರ್ಧ ಪುಟ ಎಂಟು ತಲಾ 3,000. ಕೂಡಿದರೆ 4,89,000. ಕೊರತೆ ಮೂರೇ ಲಕ್ಷ, ಆರಾಮ ಆಯ್ತು ಅಂತ ಸಮಿತಿಯಲ್ಲಿ ಎಲ್ಲರೂ ನಗುತ್ತಾರೆ.

ತಡೆಯಿರಿ. ಮುಖ್ಯ ಪ್ರಾಯೋಜಕರಿಗೆ ಒಂದು ಮೂಲೆ ಸ್ಟಾಲು ಮತ್ತು ಹಿಂಬದಿ ರಕ್ಷಾಪುಟ ಉಚಿತ ಎಂದು ನೀವೇ ಬರೆದಿದ್ದೀರಿ. ಸಹ ಪ್ರಾಯೋಜಕರಿಗೆ ತಲಾ ಒಂದು ಸಾದಾ ಸ್ಟಾಲು, ಒಂದು ಒಳ ರಕ್ಷಾಪುಟ. ಅಂದರೆ 18,000, 24,000, 35,000, ಒಟ್ಟು 77,000 ರೂಪಾಯಿಯ ಜಾಗವನ್ನು ಎರಡು ಸಲ ಎಣಿಸಿದ್ದೀರಿ. ನಿಜವಾಗಿ ಬರಬಹುದಾದದ್ದು 4,12,000. ಮೂರು ಲಕ್ಷ ಬರಬೇಕಾದರೆ ನೂರಕ್ಕೆ 73 ಭಾಗ ಮಾರಬೇಕು. ಮೊದಲ ಸಲ ಮಾಡುವವರಿಗೆ ಇದು ಜಾಸ್ತಿಯೇ. ನೂರಕ್ಕೆ 60 ಮಾರಿದರೂ ನಷ್ಟ ಆಗಬಾರದು ಅನ್ನುವುದು ನನ್ನ ಲೆಕ್ಕ. ಅಷ್ಟು ಮಾರಿದರೆ ಬರುವುದು 2,47,200. ಹಾಗಾಗಿ ಖರ್ಚಿನಲ್ಲಿ ಸುಮಾರು 53,000 ಈಗಲೇ ಕಡಿಮೆ ಮಾಡಿ, ಇಲ್ಲವಾದರೆ ನೋಂದಣಿ ಶುಲ್ಕ ಏರಿಸಿ. ಬಂದವರಿಗೆ ಬ್ಯಾಗಿನ ಬದಲು ಫೋಲ್ಡರ್ ಕೊಟ್ಟರೆ ಯಾರೂ ಬಿದ್ದು ಅಳುವುದಿಲ್ಲ.

ಎರಡು ಸಲ ಮಾರಾಟ ತಪ್ಪಿಸಲು ಒಂದೇ ಗೂಗಲ್ ಶೀಟ್ ಇಡಿ, ಅದರಲ್ಲಿ ಬರೆಯುವ ಅಧಿಕಾರ ಒಬ್ಬರಿಗೇ. ಅಧ್ಯಕ್ಷರು ಒಂದು ಕಡೆ, ಕಾರ್ಯದರ್ಶಿ ಇನ್ನೊಂದು ಕಡೆ ಹಿಂಬದಿ ರಕ್ಷಾಪುಟಕ್ಕೆ ಮಾತು ಕೊಟ್ಟು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸ್ಟಾಲಿನ ದರ ಎಲ್ಲದಕ್ಕೂ ಒಂದೇ ಇಡಬೇಡಿ. ಜಾತ್ರೆ ಪೇಟೆಯಲ್ಲಿ ಮೂಲೆ ಅಂಗಡಿಗೂ ಒಳಸಂದಿಯ ಅಂಗಡಿಗೂ ಒಂದೇ ಬಾಡಿಗೆ ಇರುತ್ತದಾ? ದರದಲ್ಲಿ ಏನು ಸೇರಿದೆ ಎಂದೂ ಬರೆಯಿರಿ: ಒಂದು ಟೇಬಲ್, ಎರಡು ಕುರ್ಚಿ, ಒಂದು ಪ್ಲಗ್, ಹೆಸರಿನ ಫಲಕ, ಇಬ್ಬರಿಗೆ ಊಟ. ಮೂರನೆಯವರ ಊಟದ ವಿಷಯಕ್ಕೆ ಆಗುವ ಜಗಳ ಚಿಕ್ಕದಾದರೂ ಕಹಿ ಉಳಿಸುತ್ತದೆ.

ಹಂತ 5: ಕಾಗದಪತ್ರ, ತೆರಿಗೆ

ದರಪಟ್ಟಿ ಅಚ್ಚಿಗೆ ಹೋಗುವ ಮೊದಲೇ ನಿಮ್ಮ ಆಡಿಟರ್ ಹತ್ತಿರ ಕೂರಿ. ಮಾರಾಟ ಮುಗಿದ ಮೇಲೆ ಹೋದರೆ ಉಪಯೋಗ ಇಲ್ಲ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ನೋಂದಣಿ ಇದ್ದರೆ ದರಪಟ್ಟಿಯಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂದು ಬರೆಯಲು ಮರೆಯಬೇಡಿ, ಮರೆತರೆ ಆ ದುಡ್ಡು ನಿಮ್ಮ ಕೈಯಿಂದ ಹೋಗುತ್ತದೆ. ಪ್ರಾಯೋಜಕತ್ವ, ಜಾಹೀರಾತು, ಸ್ಟಾಲು ಮೂರಕ್ಕೂ ನಿಯಮ ಒಂದೇ ಅಲ್ಲ, ಅದನ್ನೂ ಕೇಳಿಕೊಳ್ಳಿ.

ಕಂಪನಿಗಳು ಟಿಡಿಎಸ್, ಅಂದರೆ ಕೊಡುವ ದುಡ್ಡಿನಲ್ಲೇ ಆದಾಯ ತೆರಿಗೆಯ ಪಾಲು, ಹಿಡಿದು ಕೊಡುವುದು ಸಾಮಾನ್ಯ. ಸಂಘದ ಪ್ಯಾನ್ ಕೊಡದಿದ್ದರೆ ನೂರಕ್ಕೆ 20ರಂತೆ ಹಿಡಿಯಬಹುದು. ಹಾಗಾಗಿ ಒಂದು ಫೋಲ್ಡರ್‌ನಲ್ಲಿ ಪ್ಯಾನ್, ಸಂಘದ ನೋಂದಣಿ ಪತ್ರ, ರದ್ದು ಮಾಡಿದ ಚೆಕ್, ಜಿಎಸ್‌ಟಿ ಇದ್ದರೆ ಅದರ ಪತ್ರ, ಇಷ್ಟು ಪಿಡಿಎಫ್ ಸಿದ್ಧ ಇಡಿ. ಅಧ್ಯಕ್ಷರ ಸ್ವಂತ ಖಾತೆಗೆ ದುಡ್ಡು ಹಾಕಿಸಿಕೊಳ್ಳುವುದು ಬೇಡವೇ ಬೇಡ. ನಗದೂ ಆದಷ್ಟು ಬೇಡ. ವ್ಯಾಪಾರಿ ಒಂದೇ ದಿನ ಒಬ್ಬರಿಗೆ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದನ್ನು ಸಾಮಾನ್ಯವಾಗಿ ಖರ್ಚಿನಲ್ಲಿ ತೋರಿಸಲು ಬರುವುದಿಲ್ಲ, ಇದನ್ನು ಹೇಳಿದರೆ ಅವರೇ ಬ್ಯಾಂಕಿನಿಂದ ಕಳಿಸುತ್ತಾರೆ.

ಯಾರ ದುಡ್ಡು ತೆಗೆದುಕೊಳ್ಳಬಾರದು ಎನ್ನುವುದೂ ಈಗಲೇ ತೀರ್ಮಾನ ಆಗಬೇಕು. ಗುಟ್ಕಾ, ಸಿಗರೇಟಿನವರ ಜಾಹೀರಾತು, ಪ್ರಾಯೋಜಕತ್ವ 2003ರ ತಂಬಾಕು ಕಾಯ್ದೆಯ ಪ್ರಕಾರ ನಿಷಿದ್ಧ. ವೈದ್ಯರ ಸಂಘ ಆದರೆ ಔಷಧ ಕಂಪನಿಗಳಿಗೆ 2024ರಲ್ಲಿ ಬಂದ ಮಾರಾಟ ನೀತಿಸಂಹಿತೆ ಇದೆ. ಅದನ್ನು ಓದದೆ ಪ್ರವಾಸ, ಉಡುಗೊರೆಯ ಪ್ಯಾಕೇಜ್ ಬರೆಯಬೇಡಿ. ರೋಗ ವಾಸಿ ಮಾಡುತ್ತೇವೆ ಎಂಬ ಜಾಹೀರಾತಿಗೆ 1954ರಿಂದಲೇ ಕಾಯ್ದೆ ಇದೆ.

ಹಂತ 6: ಯಾರ ಬಾಗಿಲಿಗೆ, ಯಾವ ಕ್ರಮದಲ್ಲಿ

ಮೊದಲು ದೊಡ್ಡವರು, ಆಮೇಲೆ ಸ್ಟಾಲು, ಕೊನೆಗೆ ಅರ್ಧ ಪುಟದ ಜಾಹೀರಾತು. ನಾವೆಲ್ಲ ಮಾಡುವುದು ಉಲ್ಟಾ, ಯಾಕೆಂದರೆ ಅರ್ಧ ಪುಟ ಕೇಳುವುದು ಸುಲಭ. ಆದರೆ ಮೂರು ಸಾವಿರಕ್ಕೆ ಒಮ್ಮೆ ಹ್ಞೂಂ ಅಂದವರ ಹತ್ತಿರ ಐವತ್ತು ಸಾವಿರ ಕೇಳಲು ಬಾಯಿ ಬರುವುದಿಲ್ಲ. ಅವರಿಗೂ ಅನಿಸುತ್ತದೆ, ನಮ್ಮ ಪಾಲಿನದು ಕೊಟ್ಟಾಯಿತಲ್ಲ ಅಂತ.

ಇಲ್ಲಿಯ ಡೀಲರ್‌ಗೆ ದೊಡ್ಡ ಮೊತ್ತ ಕೊಡುವ ಅಧಿಕಾರ ಇರುವುದಿಲ್ಲ. ಕೊಡುವವರು ಹುಬ್ಬಳ್ಳಿ ಅಥವಾ ಮಂಗಳೂರಿನಲ್ಲಿ ಕೂತ ಏರಿಯಾ ಮ್ಯಾನೇಜರ್, ಅವರ ಮೇಲೆ ಇನ್ನೊಬ್ಬರು. ಆದರೆ ಡೀಲರ್‌ನನ್ನು ಬಿಟ್ಟು ನೇರ ಮೇಲೆ ಹೋದರೆ ಕೆಲಸ ಕೆಡುತ್ತದೆ. ಮ್ಯಾನೇಜರ್ ಮೊದಲು ಫೋನ್ ಮಾಡುವುದೇ ಡೀಲರ್‌ಗೆ. ಹಾಗಾಗಿ ಡೀಲರ್‌ನ ಹತ್ತಿರ ದುಡ್ಡು ಕೇಳಬೇಡಿ, ಮಾತು ಮುಟ್ಟಿಸಲು ಕೇಳಿ:

"ಶೇಟ್ರೇ, ನಿಮ್ಮ ಹತ್ರ ದುಡ್ಡು ಕೇಳ್ಲಿಕ್ಕೆ ಬಂದದ್ದಲ್ಲ. ನಿಮ್ಮ ಕಂಪನಿಯ ಮ್ಯಾನೇಜರ್ ಸಾಹೇಬ್ರಿಗೆ ಒಂದು ಮಾತು ಹೇಳ್ಬೇಕು. ಸ್ಟಾಲಿನಲ್ಲಿ ಹೆಸರು ನಿಮ್ಮ ಅಂಗಡಿದೂ ಇರ್ತದೆ."

"ಹಾಗಾದ್ರೆ ಅಡ್ಡಿಲ್ಲ, ನಂಬರ್ ಕೊಡ್ತೇನೆ ತಕೊಳ್ಳಿ."

ಕಂಪನಿಯ ಮಂಜೂರಾತಿಗೆ ಆರರಿಂದ ಎಂಟು ವಾರ ಬೇಕು, ವೆಂಡರ್ ನೋಂದಣಿ (ದುಡ್ಡು ಕೊಡುವ ಮುಂಚೆ ಸಂಘದ ಹೆಸರನ್ನು ಕಂಪನಿಯ ಪಟ್ಟಿಗೆ ಸೇರಿಸುವುದು) ಕೇಳಿದರೆ ಇನ್ನೂ ಸ್ವಲ್ಪ. ಐದು ತಿಂಗಳು ಮುಂಚೆ ಅಂದದ್ದು ಇದಕ್ಕೇ.

ಹಂತ 7: ಕೇಳುವ ಕೆಲಸ

ಫೋನ್ ಮಾಡಿ ಸಮಯ ತೆಗೆದುಕೊಳ್ಳಿ, ಇಬ್ಬರೇ ಹೋಗಿ. ಆರು ಜನ ಹೋದರೆ ಮುತ್ತಿಗೆ ಹಾಕಿದ ಹಾಗೆ ಕಾಣುತ್ತದೆ. ಕೈಯಲ್ಲಿ ಮೂರು ಕಾಗದ: ಸದಸ್ಯರ ಚಿತ್ರ, ಹಾಲಿನ ನಕ್ಷೆ, ದರಪಟ್ಟಿ. ಇಪ್ಪತ್ತು ಪುಟದ ಬಣ್ಣದ ಪುಸ್ತಕ ಯಾರೂ ಓದುವುದಿಲ್ಲ.

ಮೊದಲು ಕೇಳಿ: ಈ ವರ್ಷ ಯಾವ ಸಾಮಾನು ಓಡಿಸಬೇಕು ಅಂತಿದ್ದೀರಿ, ನಮ್ಮ ಜಿಲ್ಲೆಯಲ್ಲಿ ಎಲ್ಲಿ ತೊಡಕಾಗಿದೆ? ಅವರು ಹೇಳಿದ್ದಕ್ಕೆ ಹೊಂದುವ ಜಾಗವನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ, ದರ ಹೇಳಿ, ಸುಮ್ನೆ ಕೂರಿ. ಈ ಸುಮ್ಮನೆ ಕೂರುವುದು ನಮ್ಮವರಿಗೆ ಆಗುವುದೇ ಇಲ್ಲ. ದರ ಹೇಳಿ ಅರ್ಧ ನಿಮಿಷ ಆಗುವುದರೊಳಗೆ "ಸ್ವಲ್ಪ ಕಡಿಮೆ ಮಾಡೋಣ ಸರ್" ಎಂದು ನಾವೇ ಇಳಿಸಿಬಿಡುತ್ತೇವೆ. ಇಳಿಸಲೇಬೇಕಾದರೆ ಏನಾದರೂ ಒಂದು ತೆಗೆಯಿರಿ, ಮೂಲೆ ಸ್ಟಾಲಿನ ಬದಲು ಒಳಗಿನದು ಕೊಡಿ. ದರ ಮಾತ್ರ ಇಳಿಸಿದರೆ ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಊರು ಚಿಕ್ಕದು.

ಪ್ರಾಯೋಜಕರಿಗೆ ಭಾಷಣದ ಹೊತ್ತು ಬೇಕಾಗುತ್ತದೆ. ಹತ್ತು ನಿಮಿಷ ಕೊಡಿ, "ಪ್ರಾಯೋಜಕರ ಮಾತು" ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಲಿ. ತಾಂತ್ರಿಕ ಉಪನ್ಯಾಸದ ವೇಷ ಹಾಕಿಸಿದರೆ ಸದಸ್ಯರು ಎದ್ದು ಹೋಗುತ್ತಾರೆ.

ಎಚ್ಚರದ ಗುರುತುಗಳು:

- "ನೋಡೋಣ, ಫೋನ್ ಮಾಡ್ತೇನೆ" ಎಂದು ಎರಡು ಸಲ ಬಂದರೆ ಅದು ಇಲ್ಲ ಎಂದೇ ಅರ್ಥ. ಆ ಜಾಗವನ್ನು ಅವರಿಗಾಗಿ ಕಾಯ್ದಿಡಬೇಡಿ.
- "ಹೆಸರು ಹಾಕ್ಬಿಡಿ, ದುಡ್ಡು ಕಾರ್ಯಕ್ರಮದ ದಿನ." ಬೇಡ. ಅಚ್ಚಾದ ಮೇಲೆ ವಸೂಲಿ ಮಾಡಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.
- "ನಾನೊಬ್ಬನೇ ಇರಬೇಕು, ಬೇರೆ ಸಿಮೆಂಟ್ ಬರಬಾರದು." ಇದು ತಪ್ಪಲ್ಲ, ಆದರೆ ಅದಕ್ಕೆ ಬೆಲೆ ಬೇರೆ. ಯಾವುದಕ್ಕೆ ಒಬ್ಬರೇ ಎನ್ನುವುದು ಪತ್ರದಲ್ಲಿ ಇರಲಿ. ಟೈಲ್ಸ್ ಅಂಟಿಸುವ ಪುಡಿ ಸಿಮೆಂಟಿಗೆ ಸೇರುತ್ತದೋ ಇಲ್ಲವೋ ಎಂದು ಹಿಂದಿನ ರಾತ್ರಿ ವಾದ ಮಾಡುವ ಪಾಡು ಬೇಡ.
- ಸದಸ್ಯರ ಫೋನ್ ನಂಬರುಗಳ ಪಟ್ಟಿಯನ್ನೇ ಕೇಳುವವರು. ಸದಸ್ಯರ ಒಪ್ಪಿಗೆ ಇಲ್ಲದೆ ಕೊಡಬೇಡಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಆಗಿದೆ. ನೋಂದಣಿ ಫಾರ್ಮಿನಲ್ಲೇ ಒಪ್ಪಿಗೆಯ ಒಂದು ಚೌಕ ಇಡಿ.

ಹಂತ 8: ಒಂದು ಪುಟದ ಪತ್ರ

ಹ್ಞೂಂ ಅಂದ ದಿನವೇ ಕಳಿಸಿ. ಏನು ಕೊಡುತ್ತೀರಿ, ಸ್ಟಾಲ್ ನಂಬರು, ಮೊತ್ತ, ಅರ್ಧ ಮುಂಗಡ ಯಾವಾಗ, ಉಳಿದದ್ದು ಯಾವಾಗ, ಜಾಹೀರಾತಿನ ಫೈಲು ಯಾವ ದಿನದೊಳಗೆ, ಕಾರ್ಯಕ್ರಮ ಮುಂದೆ ಹೋದರೆ ದುಡ್ಡಿನ ಗತಿ ಏನು. ಎರಡೂ ಕಡೆಯವರ ಸಹಿ. ಅಷ್ಟೇ.

ಹಂತ 9: ಜಾಹೀರಾತಿನ ಫೈಲು

ಪುಟದ ಅಳತೆ ಎ4 ಆದರೆ 210 ಮಿಲಿಮೀಟರಿಗೆ 297, ಅಂಚು ಕತ್ತರಿಸಲು ಸುತ್ತಲೂ 3 ಮಿಲಿಮೀಟರ್ ಜಾಸ್ತಿ. ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ), ಫೈಲು ಪಿಡಿಎಫ್. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕನ್ನಡ ಜಾಹೀರಾತಿಗೆ ಇನ್ನೊಂದು ತಲೆನೋವು ಇದೆ. ನುಡಿ ತಂತ್ರಾಂಶದ ಅಕ್ಷರದಲ್ಲಿ ಮಾಡಿದ ಫೈಲು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರ ಎಲ್ಲೆಲ್ಲೋ ಹಾರಿರುತ್ತದೆ. ಅಕ್ಷರಗಳನ್ನು ಕರ್ವ್ಸ್ (ಚಿತ್ರದ ಹಾಗೆ ಬರೀ ಗೆರೆ) ಮಾಡಿ ಕಳಿಸಿ ಎಂದು ಡಿಟಿಪಿಯವರಿಗೆ ಹೇಳಿದರೆ ಅವರಿಗೆ ಅರ್ಥ ಆಗುತ್ತದೆ. ಅಚ್ಚಿಗೆ ಮುಂಚೆ ಕರಡು ಪುಟ ಕಳಿಸಿ, "ಸರಿ ಇದೆ" ಎಂದು ಬರಹದಲ್ಲಿ ತರಿಸಿಕೊಳ್ಳಿ. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ಪುಟದ ದುಡ್ಡು ವಾಪಸ್ ಕೇಳುತ್ತಾರೆ, ಕೇಳುವುದು ನ್ಯಾಯವೇ. ನಡು ಮಡಚಿ ಪಿನ್ ಹೊಡೆಯುವ ಪುಸ್ತಕ ಆದರೆ ಒಟ್ಟು ಪುಟ ನಾಲ್ಕರಿಂದ ಭಾಗ ಆಗಬೇಕು, ಜಾಹೀರಾತು ಮಾರುವಾಗಲೇ ಇದು ತಲೆಯಲ್ಲಿರಲಿ.

ಹಂತ 10: ಹಿಂದಿನ ದಿನ ಮತ್ತು ಆ ಎರಡು ದಿನ

ಸಾಮಾನು ಇಳಿಸಲು ಪ್ರತಿಯೊಬ್ಬರಿಗೂ ಬೇರೆ ಬೇರೆ ಹೊತ್ತು ಕೊಡಿ. ಎಲ್ಲ ಗಾಡಿಗಳೂ ಸಂಜೆ ಆರಕ್ಕೇ ಬಂದರೆ ಮಂಟಪದ ಮುಂದಿನ ರಸ್ತೆ ಬಂದ್. ಘಟ್ಟದ ರಸ್ತೆ ತೆರೆದಿದೆಯೋ ಎಂದು ಎರಡು ದಿನ ಮುಂಚೆ ವಿಚಾರಿಸಿ ಸ್ಟಾಲಿನವರಿಗೆಲ್ಲ ಸಂದೇಶ ಕಳಿಸಿ.

ಕರೆಂಟು ಹೋಗುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಜನರೇಟರ್ ಬಾಡಿಗೆ ಕೊಡುವವರಿಗೆ ಬರೀ "ಹದಿನಾಲ್ಕು ಸ್ಟಾಲು" ಎನ್ನಬೇಡಿ. ಯಾರ ಹತ್ತಿರ ಟಿವಿ ಇದೆ, ಯಾರು ಮೋಟಾರು ಓಡಿಸಿ ತೋರಿಸುತ್ತಾರೆ ಎಂದು ಮೊದಲೇ ಬರೆಸಿಕೊಂಡು ಒಟ್ಟು ಲೋಡ್ ಹೇಳಿ. ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿನಿಂದ ನಾಲ್ಕು ಸ್ಟಾಲಿಗೆ ಎಳೆದ ವೈರು ಕಂಡರೆ ಕೂಡಲೇ ತೆಗೆಸಿ.

ಚಹಾ ವಿರಾಮ ಹದಿನೈದು ನಿಮಿಷ ಇಟ್ಟರೆ ಸ್ಟಾಲು ಮಾರಿದ್ದಕ್ಕೆ ಅರ್ಥ ಇಲ್ಲ. 45 ನಿಮಿಷ ಇಡಿ. ಭಾಷಣಕಾರರು ಎಳೆದು ಆ ಹೊತ್ತನ್ನೇ ತಿನ್ನುತ್ತಾರೆ, ಅದಕ್ಕೆ ಗಂಟೆ ಹೊಡೆಯಲು ಮುಲಾಜಿಲ್ಲದ ಒಬ್ಬರನ್ನು ಕೂರಿಸಿ. ಎಲ್ಲ ಸ್ಟಾಲಿನಲ್ಲೂ ಮುದ್ರೆ ಹಾಕಿಸಿಕೊಂಡ ಕಾರ್ಡಿಗೆ ಲಕ್ಕಿ ಡ್ರಾ ಇಡುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಮೊದಲ ದಿನ ಮಧ್ಯಾಹ್ನ ಸಮಿತಿಯ ಒಬ್ಬರು ಪ್ರತಿ ಸ್ಟಾಲಿಗೆ ಹೋಗಿ "ಊಟ ಆಯ್ತಾ? ಏನಾದ್ರೂ ಬೇಕಾ?" ಎಂದು ಕೇಳಬೇಕು. ಫ್ಯಾನ್ ತಿರುಗುತ್ತಿಲ್ಲ ಎನ್ನುವ ದೂರು ಆಗಲೇ ಗೊತ್ತಾದರೆ ಸರಿ ಮಾಡಬಹುದು. ಗೊತ್ತಾಗದಿದ್ದರೆ ಹುಬ್ಬಳ್ಳಿಯ ಮ್ಯಾನೇಜರ್ ಮೂಲಕ ತಿರುಗಿ ಬರುತ್ತದೆ.

ಹಂತ 11: ಹತ್ತು ದಿನದೊಳಗೆ

ಎರಡು ಪುಟದ ವರದಿ: ಎಷ್ಟು ಜನ ಬಂದರು, ತಾಲೂಕುವಾರು ಲೆಕ್ಕ, ಅವರ ಸ್ಟಾಲಿನ ಎರಡು ಫೋಟೋ, ಬ್ಯಾನರ್ ಕಾಣುವ ಒಂದು ಫೋಟೋ. ಜೊತೆಗೆ ಸ್ಮರಣ ಸಂಚಿಕೆಯ ಎರಡು ಪ್ರತಿ ಅಂಚೆಯಲ್ಲಿ. ಮ್ಯಾನೇಜರ್ ತನ್ನ ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ, ಆ ಕಾಗದ ನಾವೇ ಮಾಡಿ ಕೊಟ್ಟರೆ ಮುಂದಿನ ಸಲ ಅವರೇ ಫೋನ್ ಮಾಡುತ್ತಾರೆ. ಅದೇ ಪತ್ರದಲ್ಲಿ "ಮುಂದಿನ ವರ್ಷವೂ ಇದೇ ಸ್ಟಾಲ್ ನಂಬರು ಬೇಕಾದರೆ ಇಂತಹ ದಿನದವರೆಗೆ ಮೊದಲ ಹಕ್ಕು ನಿಮಗೆ" ಎಂದು ಬರೆಯಿರಿ. ಟಿಡಿಎಸ್ ಹಿಡಿದವರಿಂದ ಅದರ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಪದಾಧಿಕಾರಿಗಳು ಬದಲಾಗುವಾಗ ಈ ಫೈಲು ಕಳೆದುಹೋಗುವುದೇ ಜಾಸ್ತಿ. ಗೂಗಲ್ ಶೀಟ್, ನಕ್ಷೆ, ಪತ್ರಗಳು, ಜೊತೆಗೆ ಯಾರು ಇಲ್ಲ ಅಂದರು, ಯಾಕೆ ಅಂದರು ಎನ್ನುವ ಪಟ್ಟಿ, ಇಷ್ಟನ್ನು ಸಂಘದ ಇಮೇಲ್ ಖಾತೆಯಲ್ಲಿ ಇಟ್ಟು, ಪಾಸ್‌ವರ್ಡ್ ಹೊಸ ಕಾರ್ಯದರ್ಶಿಯ ಕೈಗೆ ಕೊಡಿ.